ಒಂದೇ ವಿಡಿಯೊ, ಹತ್ತಾರು ಪರದೆ: ಎಚ್‌ಡಿಆರ್ ಬೆಳಕು ಎಲ್ಲಿ ತಪ್ಪುತ್ತದೆ?

ಹೊಸ ಟಿವಿಯಲ್ಲಿ ಎಚ್‌ಡಿಆರ್, ಅಂದರೆ ಕತ್ತಲೆ-ಬೆಳಕಿನ ಅಂತರವನ್ನು ಹೆಚ್ಚಾಗಿ ತೋರಿಸುವ ಬಗೆಯ ಸಿನಿಮಾ ಹಾಕಿದವರು ಎಷ್ಟೋ ಸಲ ಹೇಳುವ ಮಾತು, "ಏನೂ ಕಾಣ್ತಿಲ್ಲ, ಬರೀ ಕತ್ತಲೆ." ರಾತ್ರಿಯ ದೃಶ್ಯದಲ್ಲಿ ಮುಖ ಯಾವುದು, ಗೋಡೆ ಯಾವುದು ಎಂದೇ ತಿಳಿಯುವುದಿಲ್ಲ. ಅದೇ ಸಿನಿಮಾದ ಸಾಧಾರಣ ಆವೃತ್ತಿ ಹಾಕಿದರೆ ಎಲ್ಲವೂ ನಿಚ್ಚಳವಾಗಿ ಕಾಣುತ್ತದೆ. ಇದಕ್ಕೆ ಪೂರ್ತಿ ಉಲ್ಟಾ ದೂರೂ ಇದೆ. ದೀಪ ಆರಿಸಿ, ಮಲಗಿಕೊಂಡು ಫೋನ್ ನೋಡುತ್ತಿರುತ್ತೇವೆ. ಬೆರಳು ಸರಿಸುತ್ತಾ ಹೋದಾಗ ಒಂದು ವಿಡಿಯೊ ಬರುತ್ತದೆ. ಕಣ್ಣಿಗೆ ಟಾರ್ಚ್ ಬಿಟ್ಟ ಹಾಗಾಗುತ್ತದೆ.

ನನಗೆ ಎರಡೂ ಆಗಿದೆ. ಎರಡರ ಬೇರೂ ಒಂದೇ ಎಂದು ಅರ್ಥವಾಗಲು ಸ್ವಲ್ಪ ಕಾಲ ಬೇಕಾಯಿತು. ವಿಡಿಯೊದಲ್ಲಿ ಬರೆದಿಟ್ಟ ಬೆಳಕು ಒಂದು. ನಮ್ಮ ಪರದೆ ಕೊಡಬಲ್ಲ ಬೆಳಕು ಇನ್ನೊಂದು. ನಾವು ಕೂತಿರುವ ಕೋಣೆಯಲ್ಲಿ ಕಣ್ಣಿಗೆ ಹಿತವಾಗುವ ಬೆಳಕು ಮತ್ತೊಂದು. ಈ ಮೂರನ್ನೂ ಹೊಂದಿಸುವ ಕೆಲಸವನ್ನು ಟೋನ್ ಮ್ಯಾಪಿಂಗ್ ಎನ್ನುತ್ತಾರೆ. ಅದನ್ನು ಯಾರು ಮಾಡಬೇಕು, ಹೇಗೆ ಮಾಡಬೇಕು ಎಂಬುದು ಇನ್ನೂ ಪೂರ್ತಿ ತೀರ್ಮಾನವಾಗಿಲ್ಲ. ನೋಡುವವರ ತಾಪತ್ರಯವೆಲ್ಲ ಅಲ್ಲಿಂದಲೇ ಶುರು.

ಪರದೆಯ ಬೆಳಕನ್ನು ಅಳೆಯುವ ಮಾಪ ನಿಟ್. ಹಳೆಯ ಎಸ್‌ಡಿಆರ್ ವಿಡಿಯೊ, ಅಂದರೆ ಮೇಲೆ ಹೇಳಿದ ಸಾಧಾರಣ ಆವೃತ್ತಿ, ಪಿಕ್ಚರ್ ಟ್ಯೂಬ್ ಟಿವಿಗಳ ಕಾಲದ್ದು. ಸ್ಟುಡಿಯೊದಲ್ಲಿ ಅದರ ಬಿಳಿಗೆ ಇಟ್ಟುಕೊಂಡ ಮಟ್ಟ ಸುಮಾರು 100 ನಿಟ್. ಆದರೆ ಎಸ್‌ಡಿಆರ್ ಫೈಲಿನಲ್ಲಿ ನಿಟ್ ಲೆಕ್ಕವೇ ಇಲ್ಲ. ಅದು ಹೇಳುವುದು ಇಷ್ಟೇ: ಈ ಪಿಕ್ಸೆಲ್ ಬಿಳಿಯ ಇಷ್ಟನೇ ಒಂದು ಪಾಲು. ಬಿಳಿ ಎಂದರೆ ಎಷ್ಟು ಬೆಳಕು ಎನ್ನುವುದು ಟಿವಿಗೆ ಬಿಟ್ಟದ್ದು. ನಾವು ಬ್ರೈಟ್‌ನೆಸ್ ಏರಿಸಿದರೆ ಇಡೀ ಚಿತ್ರ ಏರುತ್ತದೆ, ಇಳಿಸಿದರೆ ಇಳಿಯುತ್ತದೆ. ಅದಕ್ಕೇ ಎಸ್‌ಡಿಆರ್ ಎಲ್ಲಿ ಹಾಕಿದರೂ ಹೆಚ್ಚುಕಡಿಮೆ ಸರಿಯಾಗಿಯೇ ಕಾಣುತ್ತದೆ.

ಎಚ್‌ಡಿಆರ್ ಬೇರೆ ದಾರಿ ಹಿಡಿಯಿತು. ಡಾಲ್ಬಿಯವರು ರೂಪಿಸಿದ ಪಿಕ್ಯು ಎಂಬ ಪದ್ಧತಿ 2014ರಲ್ಲಿ ಎಸ್‌ಎಂಪಿಟಿಇ 2084 ಎಂಬ ಮಾನಕವಾಯಿತು. ಇದರಲ್ಲಿ ಒಂದೊಂದು ಸಂಖ್ಯೆಗೂ ಒಂದು ನಿಗದಿಯಾದ ನಿಟ್ ಇದೆ. 0ಯಿಂದ 10,000 ನಿಟ್‌ವರೆಗೆ ಬರೆಯಬಹುದು. ಕಣ್ಣು ಕತ್ತಲಲ್ಲಿ ಸಣ್ಣ ಬದಲಾವಣೆಯನ್ನೂ ಗುರುತಿಸುತ್ತದೆ, ಬೆಳಕಿನಲ್ಲಿ ಅಷ್ಟು ಗುರುತಿಸುವುದಿಲ್ಲ. ಅದನ್ನು ಅಳೆದು ಈ ಸಂಖ್ಯೆಗಳನ್ನು ಹಂಚಿದ್ದಾರೆ. ಹಾಗಾಗಿ ಸಂಖ್ಯೆಗಳಲ್ಲಿ ಸುಮಾರು ಅರ್ಧ 100 ನಿಟ್‌ಗಿಂತ ಕೆಳಗಿನ ಬೆಳಕಿಗೇ ಮೀಸಲು. ಅಳತೆಯಲ್ಲಿ ಮುಕ್ಕಾಲು ದಾರಿ ಹೋದರೆ 1,000 ನಿಟ್. ಉಳಿದ ಕಾಲು ಭಾಗದಲ್ಲಿ 10,000ದವರೆಗಿನ ಎಲ್ಲವೂ ಬರುತ್ತದೆ. ಇದು ನಿಜಕ್ಕೂ ಚೆಂದದ ಕೆಲಸ. ಇದರಲ್ಲಿ ನನಗೆ ತಕರಾರಿಲ್ಲ.

ತಕರಾರು ಇರುವುದು ಆ ಸಂಖ್ಯೆಯನ್ನು ಆಜ್ಞೆ ಎಂದು ಓದುವುದರಲ್ಲಿ. ಪಿಕ್ಯು ಫೈಲ್ ಪರದೆಗೆ "ಇಲ್ಲಿ 900 ನಿಟ್ ಬೆಳಗು" ಎನ್ನುತ್ತದೆ. ಪರದೆಗೆ 300 ನಿಟ್ ಮಾತ್ರ ಕೈಲಾದರೆ? ಅಥವಾ 2,000 ನಿಟ್ ಕೈಲಾದರೂ ನೋಡುವವರು ಕತ್ತಲ ಕೋಣೆಯಲ್ಲಿದ್ದರೆ?

ಒಂದು ದೃಶ್ಯವನ್ನು ಇಟ್ಟುಕೊಂಡು ನೋಡೋಣ. ಒಬ್ಬ ಅಜ್ಜಿ ಕಿಟಕಿಯ ಪಕ್ಕ ಕೂತಿದ್ದಾರೆ. ಹೊರಗೆ ಬಿಸಿಲು. ಕಿಟಕಿಯಾಚೆ ಬಿಳಿ ಮೋಡ. ಸ್ಟುಡಿಯೊದಲ್ಲಿ ಬಣ್ಣ ತಿದ್ದುವ ಕಲರಿಸ್ಟ್ 1,000 ನಿಟ್‌ನ ಮಾನಿಟರ್ ಎದುರು ಕೂತು, ಅಜ್ಜಿಯ ಮುಖವನ್ನು 80 ನಿಟ್‌ಗೆ, ಮೋಡದ ಅಂಚನ್ನು 900 ನಿಟ್‌ಗೆ ಇಟ್ಟರು ಎನ್ನಿ. ಈಗ ಇದು 300 ನಿಟ್‌ನ ಲ್ಯಾಪ್‌ಟಾಪ್‌ಗೆ ಬಂತು.

ಮೊದಲ ದಾರಿ ಕತ್ತರಿಸುವುದು. 300ಕ್ಕಿಂತ ಮೇಲಿನದ್ದೆಲ್ಲ 300. ಅಜ್ಜಿಯ ಮುಖ ಹಾಗೇ ಉಳಿಯುತ್ತದೆ. ಆದರೆ ಮೋಡವೂ ಆಕಾಶವೂ ಒಂದೇ ಬಿಳಿ ಕಾಗದದ ತುಂಡಾಗುತ್ತವೆ. ಎರಡನೇ ದಾರಿ ಎಲ್ಲವನ್ನೂ ಒಂದೇ ಪ್ರಮಾಣದಲ್ಲಿ ಇಳಿಸುವುದು. 1,000 ಇದ್ದದ್ದು 300 ಆದರೆ, 80 ಇದ್ದ ಮುಖ 24 ಆಗುತ್ತದೆ. ಮೋಡದ ಮಡಿಕೆಗಳು ಉಳಿದವು, ಅಜ್ಜಿ ಕತ್ತಲಲ್ಲಿ ಮುಳುಗಿದರು. "ಏನೂ ಕಾಣ್ತಿಲ್ಲ" ಎನ್ನುವ ದೂರಿಗೆ ಒಂದು ಕಾರಣ ಇದೇ. ಕಾಣಲೇಬೇಕಾಗಿದ್ದ ಮುಖದ ಬೆಳಕನ್ನು ಕಿತ್ತು, ಯಾರೂ ದಿಟ್ಟಿಸಿ ನೋಡದ ಹೊಳಪಿಗೆ ಕೊಟ್ಟ ಹಾಗೆ.

ಮೂರನೇ ದಾರಿ ಬಾಗಿಸುವುದು. ಕತ್ತಲನ್ನೂ ಮಧ್ಯದ ಬೆಳಕನ್ನೂ ಮುಟ್ಟದೆ ಬಿಟ್ಟು, ಮೇಲಿನ ಹೊಳಪನ್ನು ಮಾತ್ರ ಮೆಲ್ಲಗೆ ಬಾಗಿಸಿ ಪರದೆಯ ಮಿತಿಯೊಳಗೆ ತರುವುದು. ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಬಿಟಿ.2390 ವರದಿಯಲ್ಲಿ ಇಂಥ ಒಂದು ಸೂತ್ರವಿದೆ. ಅದನ್ನು ನಮ್ಮ ದೃಶ್ಯಕ್ಕೆ ಹಾಕಿ ಲೆಕ್ಕ ಮಾಡಿದೆ. 1,000 ನಿಟ್‌ನ ವಿಡಿಯೊವನ್ನು 300 ನಿಟ್‌ನ ಪರದೆಗೆ ತರುವಾಗ ಗೆರೆ (ಫೈಲಿನ ಯಾವ ಬೆಳಕಿಗೆ ಪರದೆಯ ಎಷ್ಟು ಬೆಳಕು ಎಂದು ತೋರಿಸುವ ಗೆರೆ) ಬಾಗಲು ಶುರುವಾಗುವುದು ಸುಮಾರು 160 ನಿಟ್‌ನಲ್ಲಿ. 80 ನಿಟ್‌ನ ಮುಖ 80ರಲ್ಲೇ ಇರುತ್ತದೆ. ಮೋಡ ಸ್ವಲ್ಪ ಚಪ್ಪಟೆಯಾಗುತ್ತದೆ, ಆದರೆ ಮೋಡವಾಗಿಯೇ ಉಳಿಯುತ್ತದೆ. ನನ್ನ ಮಟ್ಟಿಗೆ ಸರಿಯಾದ ದಾರಿ ಇದು.

ಆದರೆ ಈ ಲೆಕ್ಕದಲ್ಲಿ ಒಂದು ಸಂಖ್ಯೆ ಮೊದಲೇ ಗೊತ್ತಿರಬೇಕು. ವಿಡಿಯೊದ ಗರಿಷ್ಠ ಬೆಳಕು ಎಷ್ಟು? ಅದೇ ದೃಶ್ಯ, ಅದೇ ಪರದೆ. ಫೈಲಿನ ಜೊತೆ ಬರುವ ವಿವರದ ಚೀಟಿಯಲ್ಲಿ, ಅಂದರೆ ಮೆಟಾಡೇಟಾದಲ್ಲಿ, 1,000ದ ಬದಲು 4,000 ಎಂದು ಬರೆದಿದೆ ಎನ್ನಿ. ಆಗ ಗೆರೆ ಬಾಗಲು ಶುರುವಾಗುವುದು 75ರ ಆಸುಪಾಸಿನಲ್ಲಿ. ಅಂದರೆ ಅಜ್ಜಿಯ ಮುಖದ ಮೇಲೇ. ಈ ದೃಶ್ಯದಲ್ಲಿ 4,000 ನಿಟ್‌ನ ಒಂದು ಪಿಕ್ಸೆಲ್ ಕೂಡ ಇಲ್ಲದಿದ್ದರೂ, ಎಲ್ಲೋ ಬರುವ ಒಂದು ಸ್ಫೋಟಕ್ಕಾಗಿ ಇಡೀ ಸಿನಿಮಾ ಜಾಗ ಬಿಟ್ಟುಕೊಡಬೇಕಾಗುತ್ತದೆ.

ಎಚ್‌ಡಿಆರ್10 ಎಂಬ ಸಾಮಾನ್ಯ ಮಾದರಿಯ ದೊಡ್ಡ ಕೊರತೆ ಇದು. ಅದರಲ್ಲಿ ಇಡೀ ಸಿನಿಮಾಕ್ಕೆ ಒಂದೇ ಚೀಟಿ. ಯಾವ ಮಾನಿಟರ್‌ನಲ್ಲಿ ತಿದ್ದಿದ್ದು, ಎಲ್ಲಕ್ಕಿಂತ ಬೆಳಕಿನ ಪಿಕ್ಸೆಲ್ ಎಷ್ಟು ನಿಟ್, ಸರಾಸರಿಯಲ್ಲಿ ಅತಿ ಬೆಳಕಿನ ಫ್ರೇಮ್ ಎಷ್ಟು ನಿಟ್, ಅಷ್ಟೇ. ಇವೂ ಎಷ್ಟೋ ಸಲ ಸೊನ್ನೆ ಆಗಿರುತ್ತವೆ ಇಲ್ಲವೇ ತಪ್ಪಾಗಿರುತ್ತವೆ. ಆಗ ಟಿವಿ ತನಗೆ ತೋಚಿದ ಸಂಖ್ಯೆ ಹಿಡಿಯುತ್ತದೆ. ಒಂದೊಂದು ಕಂಪನಿಗೂ ತನ್ನದೇ ಗೆರೆ. ಒಂದೇ ಫೈಲ್ ಎರಡು ಟಿವಿಗಳಲ್ಲಿ ಎರಡು ಸಿನಿಮಾ ಥರ ಕಾಣುವುದು ಇದರಿಂದಲೇ.

ಈ ಕೊರತೆ ನೀಗಿಸಲು ದೃಶ್ಯಕ್ಕೊಂದು, ಬೇಕಿದ್ದರೆ ಫ್ರೇಮಿಗೊಂದು ಚೀಟಿ ಕೊಡುವ ಪದ್ಧತಿಗಳು ಬಂದವು. ಡಾಲ್ಬಿ ವಿಷನ್ ಹೀಗೆ ಕೆಲಸ ಮಾಡುತ್ತದೆ. 2017ರಲ್ಲಿ ಸ್ಯಾಮ್‌ಸಂಗ್ ಮತ್ತು ಅಮೆಜಾನ್ ಸೇರಿ ಪ್ರಕಟಿಸಿದ ಎಚ್‌ಡಿಆರ್10 ಪ್ಲಸ್ ಕೂಡ ಹೀಗೆಯೇ. ಡಾಲ್ಬಿ ವಿಷನ್‌ನಲ್ಲಿ ನನಗೆ ಇಷ್ಟವಾದದ್ದು ಇನ್ನೊಂದು. ಕಲರಿಸ್ಟ್ ತನ್ನ ಕೆಲಸ 100 ನಿಟ್‌ನ, 600 ನಿಟ್‌ನ ಪರದೆಯಲ್ಲಿ ಹೇಗೆ ಕಾಣುತ್ತದೆ ಎಂದು ತಾನೇ ನೋಡಿ, ಬೇಕಾದ ಕಡೆ ಕೈಯಾರೆ ತಿದ್ದಿ, ಆ ತಿದ್ದುಪಡಿಯನ್ನು ಫೈಲಿನ ಜೊತೆ ಕಳಿಸಬಹುದು. "ಪರದೆಯ ಬೆಳಕು ಸಾಲದಿದ್ದರೆ ಮೋಡ ಹೋಗಲಿ, ಮುಖ ಉಳಿಯಲಿ" ಎಂದು ದೃಶ್ಯ ಕಟ್ಟಿದವರೇ ಹೇಳಿದ ಹಾಗಾಯಿತು. ಟಿವಿಯೊಳಗಿನ ಚಿಪ್‌ಗೆ ಅಜ್ಜಿ ಮುಖ್ಯವೋ ಮೋಡ ಮುಖ್ಯವೋ ಹೇಗೆ ಗೊತ್ತಾಗಬೇಕು?

ಚೀಟಿಯೇ ಇಲ್ಲದ ವಿಡಿಯೊಗಳಿಗೆ ಇನ್ನೊಂದು ಉಪಾಯವಿದೆ. ಆಡಿಸುವ ಸಾಫ್ಟ್‌ವೇರೇ ಪ್ರತಿ ಫ್ರೇಮನ್ನೂ ಅಳೆಯುವುದು. ಎಂಪಿವಿ ಎಂಬ ವಿಡಿಯೊ ಪ್ಲೇಯರ್ ಒಳಗೆ ಬಳಸುವ ಲಿಬ್‌ಪ್ಲಾಸಿಬೊ ಎಂಬ ಸಾಫ್ಟ್‌ವೇರ್ ಇದನ್ನು ಚೆನ್ನಾಗಿ ಮಾಡುತ್ತದೆ. ಇಲ್ಲೂ ಹುಷಾರು ಬೇಕು. ಪ್ರತಿ ಫ್ರೇಮಿಗೂ ಗೆರೆ ಬದಲಾದರೆ, ಒಂದು ಕಾರಿನ ದೀಪ ಹಾದುಹೋದಾಗ ಇಡೀ ಕೋಣೆ ಮಂಕಾಗಿ ಮತ್ತೆ ಬೆಳಗುತ್ತದೆ. ಚಿತ್ರ ಉಸಿರಾಡಿದ ಹಾಗೆ ಕಾಣುತ್ತದೆ. ಅದಕ್ಕೆ ಅಳತೆಯನ್ನು ಕಾಲದುದ್ದಕ್ಕೂ ನಿಧಾನವಾಗಿ ಬದಲಿಸಬೇಕು, ದೃಶ್ಯ ಕತ್ತರಿಸಿದಾಗ ಮಾತ್ರ ಥಟ್ಟನೆ ಬದಲಿಸಬೇಕು.

ಬೆಳಕಿನ ಜೊತೆ ಬಣ್ಣವೂ ಕೆಡುತ್ತದೆ. ಇದರ ಬಗ್ಗೆ ಮಾತು ಕಡಿಮೆ, ತೊಂದರೆ ಜಾಸ್ತಿ. ಒಂದು ಬೆಂಕಿಯ ಜ್ವಾಲೆ ತಗೊಳ್ಳಿ. ಅಳತೆ ಸುಲಭವಾಗಲಿ ಎಂದು ಅದರಲ್ಲಿ ಕೆಂಪು 900, ಹಸಿರು 400, ನೀಲಿ 50 ಎನ್ನೋಣ. ಮೂರನ್ನೂ ಬೇರೆಬೇರೆಯಾಗಿ 300ಕ್ಕೆ ಕತ್ತರಿಸಿದರೆ ಕೆಂಪು 300, ಹಸಿರು 300, ನೀಲಿ 50. ಕಿತ್ತಳೆ ಬಣ್ಣದ ಜ್ವಾಲೆ ಅಚ್ಚ ಹಳದಿ ಆಯಿತು. ಮುಳುಗುವ ಸೂರ್ಯನ ಸುತ್ತ ಕೆಲವು ಪರದೆಗಳಲ್ಲಿ ಹಳದಿ ಬಳೆ ಕಾಣುವುದು ಹೀಗೆ. ಮೂರರ ಅನುಪಾತವನ್ನು ಹಾಗೇ ಉಳಿಸಿ ಇಳಿಸಿದರೆ ಬಣ್ಣ ಉಳಿಯುತ್ತದೆ, ಆದರೆ ಜ್ವಾಲೆ ಬಣ್ಣ ಬಳಿದ ತಗಡಿನ ಹಾಗೆ ಮಂಕಾಗುತ್ತದೆ. ಬಹಳ ಹೊಳೆಯುವ ವಸ್ತು ಬಿಳಿಯ ಕಡೆಗೆ ವಾಲುವುದನ್ನು ನಮ್ಮ ಕಣ್ಣು ಸಹಜವೆಂದೇ ಒಪ್ಪುತ್ತದೆ. ಹಾಗಾಗಿ ಒಳ್ಳೆಯ ಟೋನ್ ಮ್ಯಾಪಿಂಗ್ ಹೊಳಪು ಹೆಚ್ಚಿದ ಹಾಗೆ ಬಣ್ಣವನ್ನು ಸ್ವಲ್ಪ ತಿಳಿಯಾಗಿಸುತ್ತದೆ. ಎಷ್ಟು ತಿಳಿ ಎಂಬುದಕ್ಕೆ ಒಂದೇ ಉತ್ತರವಿಲ್ಲ, ರುಚಿಯ ವಿಷಯ ಅದು.

ಇನ್ನೂ ಒಂದಿದೆ. ಅದೇ ಬಣ್ಣ ಕಡಿಮೆ ಬೆಳಕಿನಲ್ಲಿ ಪೇಲವವಾಗಿ ಕಾಣುತ್ತದೆ. 1952ರಲ್ಲಿ ಇದನ್ನು ವಿವರಿಸಿದ ವಿಜ್ಞಾನಿಯ ಹೆಸರಲ್ಲಿ ಇದಕ್ಕೆ ಹಂಟ್ ಪರಿಣಾಮ ಎನ್ನುತ್ತಾರೆ. ಹಾಗಾಗಿ ಮಂದ ಪರದೆಗೆ ಇಳಿಸುವಾಗ ಬಣ್ಣದ ಅಂಕಿಗಳನ್ನು ಹಾಗೇ ಉಳಿಸಿದರೂ ಕಣ್ಣಿಗೆ ಬಣ್ಣ ಕಳೆದುಕೊಂಡ ಅನುಭವವೇ ಆಗುತ್ತದೆ.

ಪರದೆಯ ಮಿತಿ ಎಂದೆ. ಅದೂ ಒಂದೇ ಸಂಖ್ಯೆಯಲ್ಲ. ಡಬ್ಬದ ಮೇಲೆ 1,000 ನಿಟ್ ಎಂದಿರುವ ಒಎಲ್‌ಇಡಿ ಟಿವಿ ಅಷ್ಟು ಬೆಳಕು ಕೊಡುವುದು ಪರದೆಯ ಸಣ್ಣ ಭಾಗದಲ್ಲಿ ಮಾತ್ರ. ಇಡೀ ಪರದೆ ಬಿಳಿಯಾದರೆ ಅದರ ಕಾಲು ಭಾಗಕ್ಕೆ ಇಳಿಯುವುದು ಅಪರೂಪವಲ್ಲ. ವಿದ್ಯುತ್ತು, ಬಿಸಿ ಎರಡನ್ನೂ ಹಿಡಿತದಲ್ಲಿಡಲು ಟಿವಿ ತಾನೇ ಬೆಳಕು ತಗ್ಗಿಸುತ್ತದೆ. ರಾತ್ರಿ ಆಕಾಶದ ಒಂದು ನಕ್ಷತ್ರ ಝಗ್ಗನೆ ಹೊಳೆಯುತ್ತದೆ, ಹಿಮದ ಬಯಲು ಮಂಕಾಗುತ್ತದೆ. ಎಲ್‌ಸಿಡಿಯ ಕಷ್ಟ ಬೇರೆ. ಹಿಂದಿನ ದೀಪವನ್ನು ತುಂಡುತುಂಡಾಗಿ ಆರಿಸಿ ಬೆಳಗಿಸುವ ವ್ಯವಸ್ಥೆ ಇಲ್ಲದಿದ್ದರೆ, ಹೊಳಪು ಏರಿಸಿದಾಗ ಕಪ್ಪೂ ಏರಿ ಬೂದು ಬಣ್ಣವಾಗುತ್ತದೆ. ಮಾನಿಟರ್‌ಗಳಿಗೆ ವೆಸಾ ಸಂಸ್ಥೆ 2017ರ ಕೊನೆಯಲ್ಲಿ ಡಿಸ್‌ಪ್ಲೇ ಎಚ್‌ಡಿಆರ್ ಮುದ್ರೆ ತಂದಾಗ, ಕೆಳಗಿನ 400 ಎಂಬ ಹಂತಕ್ಕೆ ಈ ವ್ಯವಸ್ಥೆ ಬೇಕೆಂದಿರಲಿಲ್ಲ. ಅಂಥ ಮಾನಿಟರ್‌ನಲ್ಲಿ ಎಚ್‌ಡಿಆರ್‌ಗಿಂತ ಒಳ್ಳೆಯ ಎಸ್‌ಡಿಆರ್ ಪ್ರತಿಯೇ ಚೆನ್ನಾಗಿ ಕಾಣಬಹುದು. ಇದನ್ನು ಹೇಳಲು ಸಂಕೋಚ ಬೇಡ.

ಇಷ್ಟು ಸಾಲದು ಎಂಬಂತೆ ಒಂದೇ ಕೆಲಸವನ್ನು ಇಬ್ಬರು ಮಾಡುವುದುಂಟು. ಪ್ಲೇಯರ್ ಅಥವಾ ಗೇಮ್ ಕನ್ಸೋಲ್ ಬೆಳಕನ್ನು ಒಮ್ಮೆ ಬಾಗಿಸಿ ಕಳಿಸುತ್ತದೆ. ಟಿವಿಗೆ ಅದು ಗೊತ್ತಿರುವುದಿಲ್ಲ, ಮತ್ತೊಮ್ಮೆ ಬಾಗಿಸುತ್ತದೆ. ಎರಡು ಸಲ ಬಾಗಿದ ಚಿತ್ರ ಸಪ್ಪೆ. ಗೇಮ್‌ಗಳಲ್ಲಿ ಇದು ಎದ್ದು ಕಂಡಿದ್ದರಿಂದ ಕನ್ಸೋಲ್, ಟಿವಿ, ಗೇಮ್ ತಯಾರಿಸುವವರು ಎಚ್‌ಜಿಐಜಿ ಎಂಬ ಗುಂಪು ಕಟ್ಟಿಕೊಂಡರು. ಅವರ ಸೂತ್ರ ಸರಳ. ಟಿವಿಯ ಮಿತಿ ಎಷ್ಟೆಂದು ಗೇಮ್‌ಗೆ ಮೊದಲೇ ತಿಳಿಸಿ. ಗೇಮ್ ಅದರೊಳಗೇ ಚಿತ್ರ ಕಟ್ಟಲಿ. ಟಿವಿ ಕೈ ಹಾಕದಿರಲಿ. ಕನ್ಸೋಲ್‌ನಲ್ಲಿ "ಈ ಗುರುತು ಕಾಣದಾಗುವವರೆಗೆ ಒತ್ತಿ" ಎನ್ನುವ ಪರದೆ ಬರುತ್ತದಲ್ಲ, ಅದು ಈ ಮಿತಿಯನ್ನು ಹುಡುಕುವ ಕೆಲಸ.

ಈಗ ಕೋಣೆಗೆ ಬರೋಣ. ಪಿಕ್ಯು ವಿಡಿಯೊ ತಿದ್ದಲು ಹೇಳಿರುವ ಕೋಣೆಯಲ್ಲಿ ಪರದೆಯ ಸುತ್ತಲ ಬೆಳಕು 5 ನಿಟ್. ಹೆಚ್ಚುಕಡಿಮೆ ಕತ್ತಲೆ. ನಾವು ನೋಡುವುದು ದೀಪ ಹಚ್ಚಿದ, ಕಿಟಕಿ ತೆರೆದ ಕೋಣೆಯಲ್ಲಿ. ಪರದೆಯ ಮೇಲೆ 500 ಲಕ್ಸ್ (ಬೀಳುವ ಬೆಳಕಿನ ಮಾಪ) ಬೆಳಕು ಬಿದ್ದು, ಪರದೆ ಅದರಲ್ಲಿ 2 ಪರ್ಸೆಂಟನ್ನು ಚದುರಿಸಿದರೆ ಕಪ್ಪಿನ ಮೇಲೇ ಸುಮಾರು 3 ನಿಟ್ ಕೂರುತ್ತದೆ. ಕಲರಿಸ್ಟ್ 1 ನಿಟ್‌ನಲ್ಲಿ ಜೋಪಾನವಾಗಿ ಇಟ್ಟ ನೆರಳಿನ ವಿವರ ಅದರಲ್ಲಿ ಕರಗಿಹೋಗುತ್ತದೆ. ಎಸ್‌ಡಿಆರ್ ಆಗಿದ್ದರೆ ಬ್ರೈಟ್‌ನೆಸ್ ಏರಿಸುತ್ತಿದ್ದೆವು. ಎಚ್‌ಡಿಆರ್‌ನಲ್ಲಿ ಎಷ್ಟೋ ಟಿವಿಗಳು ಆಗಲೇ ತುದಿಯಲ್ಲಿರುತ್ತವೆ, ಏರಿಸಲು ಏನೂ ಉಳಿದಿರುವುದಿಲ್ಲ. 2020ರಲ್ಲಿ ಬಂದ ಡಾಲ್ಬಿ ವಿಷನ್ ಐಕ್ಯು, ಕೋಣೆಯ ಬೆಳಕನ್ನು ಸೆನ್ಸರ್‌ನಿಂದ ಅಳೆದು ನೆರಳನ್ನು ಎತ್ತಲು ನೋಡುತ್ತದೆ. ಎಚ್‌ಡಿಆರ್10 ಪ್ಲಸ್‌ನಲ್ಲೂ ಅಂಥದ್ದಿದೆ. ಇದು ಬೇಕಾಗಿದ್ದ ಕೆಲಸ.

ಬಿಬಿಸಿ ಮತ್ತು ಜಪಾನಿನ ಎನ್‌ಎಚ್‌ಕೆ ಸೇರಿ ಮಾಡಿದ ಎಚ್‌ಎಲ್‌ಜಿ ಪದ್ಧತಿಗೆ ಇಲ್ಲಿ ಒಂದು ಮಾತು ಸಲ್ಲಬೇಕು. ಅದು ಹಳೆಯ ಎಸ್‌ಡಿಆರ್‌ನ ಜಾಣತನವನ್ನು ಬಿಡಲಿಲ್ಲ. ನಿಟ್ ಹೇಳುವುದಿಲ್ಲ, ಪಾಲು ಹೇಳುತ್ತದೆ. ಪರದೆಯ ಗರಿಷ್ಠ ಬೆಳಕಿಗೆ ತಕ್ಕಂತೆ ಗಾಮಾ, ಅಂದರೆ ಗೆರೆಯ ಬಾಗು ಹೇಳುವ ಅಂಕಿ, ಬದಲಾಗುವ ಸೂತ್ರ ಅದರೊಳಗೇ ಇದೆ. 1,000 ನಿಟ್‌ಗೆ 1.2, 2,000 ನಿಟ್‌ಗೆ ಸುಮಾರು 1.33. ಚೀಟಿಯ ಹಂಗಿಲ್ಲ. ನೇರ ಪ್ರಸಾರದಲ್ಲಿ ಮುಂದಿನ ಕ್ಷಣ ಎಷ್ಟು ಬೆಳಕು ಬರುತ್ತದೆ ಎಂದು ಯಾರಿಗೂ ಗೊತ್ತಿರುವುದಿಲ್ಲ, ಹಾಗಾಗಿ ಪ್ರಸಾರಕರಿಗೆ ಇದು ಅನುಕೂಲ. ದೂರಸಂಪರ್ಕ ಒಕ್ಕೂಟದ 2016ರ ಬಿಟಿ.2100 ಶಿಫಾರಸಿನಲ್ಲಿ ಪಿಕ್ಯು, ಎಚ್‌ಎಲ್‌ಜಿ ಎರಡಕ್ಕೂ ಜಾಗ ಸಿಕ್ಕಿತು.

ನಾನು ಹೇಳಬೇಕೆಂದಿರುವುದು ಇಲ್ಲೇ ಇದೆ. ಬೆಳಕನ್ನು ನಿಟ್‌ನಲ್ಲಿ ಯೋಚಿಸುವುದನ್ನು ಬಿಟ್ಟು, ಬಿಳಿಯ ಎಷ್ಟು ಪಟ್ಟು ಎಂದು ಯೋಚಿಸಬೇಕು. ಪರದೆಯ ಮೇಲೆ ಬಿಳಿ ಕಾಗದದ ಹಾಗೆ ಕಾಣುವ ಮಟ್ಟ ಒಂದಿರುತ್ತದೆ. ಪರದೆ ಅದರ ಮೇಲೆ ಇನ್ನೆಷ್ಟು ಪಟ್ಟು ಹೋಗಬಲ್ಲದು ಎಂಬುದೇ ಹೆಡ್‌ರೂಮ್. ಅದೇ ಒಕ್ಕೂಟದ ಬಿಟಿ.2408 ವರದಿ ಎಚ್‌ಡಿಆರ್‌ನಲ್ಲಿ ಈ ಬಿಳಿಗೆ 203 ನಿಟ್ ಎಂದು ಸೂಚಿಸುತ್ತದೆ. ಆ ಲೆಕ್ಕದಲ್ಲಿ ನಮ್ಮ ಅಜ್ಜಿಯ ಮುಖ ಬಿಳಿಯ 0.4 ಪಟ್ಟು, ಮೋಡ ಸುಮಾರು 4.4 ಪಟ್ಟು. ರಾತ್ರಿ ಮಲಗುವಾಗ ಫೋನ್‌ನ ಬಿಳಿಯನ್ನು 10 ನಿಟ್‌ಗೆ ಇಳಿಸಿದ್ದೇವೆ ಎನ್ನಿ. ಆಗ ಮುಖ 4 ನಿಟ್, ಮೋಡ 44 ನಿಟ್. ಕಣ್ಣು ಕುಕ್ಕುವುದಿಲ್ಲ, ಮೋಡ ಹೊಳೆಯದೆಯೂ ಇರುವುದಿಲ್ಲ. ನಿಟ್ ಹಿಡಿದು ಕೂತರೆ ಅದೇ ಮುಖ 80, ಮೋಡ 900. ಪಕ್ಕದಲ್ಲಿರುವ ಅಕ್ಷರಗಳ ಬಿಳಿ ಬರೀ 10!

ಫೋನ್, ಕಂಪ್ಯೂಟರ್‌ಗಳು ಈ ದಾರಿಗೆ ಬರುತ್ತಿವೆ. ಆ್ಯಪಲ್ ತನ್ನ ಯಂತ್ರಗಳಲ್ಲಿ ಇಡಿಆರ್ ಎಂಬ ಹೆಸರಿನಲ್ಲಿ ಬಿಳಿಯ ಮೇಲಿನ ಜಾಗವನ್ನೇ ಲೆಕ್ಕ ಹಿಡಿಯುತ್ತದೆ. ಫೋಟೊಗಳಲ್ಲಿ ಇನ್ನೂ ಚೆಂದದ ಪರಿಹಾರ ಬಂದಿದೆ. 2023ರ ಆಂಡ್ರಾಯ್ಡ್ 14ರ ಅಲ್ಟ್ರಾ ಎಚ್‌ಡಿಆರ್ ಫೋಟೊದೊಳಗೆ ಒಂದು ಸಾಧಾರಣ ಚಿತ್ರ, ಅದರ ಜೊತೆ ಎಲ್ಲೆಲ್ಲಿ ಎಷ್ಟು ಪಟ್ಟು ಹೊಳಪು ಸೇರಿಸಬೇಕು ಎಂಬ ಸಣ್ಣ ನಕಾಶೆ ಇರುತ್ತದೆ. ಅದಕ್ಕೆ ಗೇನ್ ಮ್ಯಾಪ್ ಎನ್ನುತ್ತಾರೆ. ಪರದೆಗೆ ಜಾಗ ಪೂರ್ತಿ ಇದ್ದರೆ ನಕಾಶೆಯನ್ನು ಪೂರ್ತಿ ಹಚ್ಚುತ್ತದೆ, ಅರ್ಧ ಇದ್ದರೆ ಅರ್ಧ, ಇಲ್ಲದಿದ್ದರೆ ಸಾಧಾರಣ ಚಿತ್ರ. ಎರಡು ತುದಿಯನ್ನೂ ಚಿತ್ರ ತೆಗೆದ ಕಡೆಯೇ ನಿರ್ಧರಿಸಿರುತ್ತಾರೆ. ಟಿವಿಯ ಊಹೆಗೆ ಕೆಲಸವೇ ಇಲ್ಲ. ವಿಡಿಯೊದಲ್ಲೂ ಇಂಥ ವ್ಯವಸ್ಥೆ ಎಲ್ಲ ಕಡೆ ಬರಬೇಕು ಎಂದು ನನ್ನ ಆಸೆ.

ಕಂಪ್ಯೂಟರ್‌ನಲ್ಲಿ ಒಂದು ಕಿಟಕಿಯಲ್ಲಿ ಎಚ್‌ಡಿಆರ್ ಸಿನಿಮಾ, ಪಕ್ಕದಲ್ಲಿ ಬಿಳಿ ಪುಟ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕು. ವಿಂಡೋಸ್‌ನಲ್ಲಿ ಎಸ್‌ಡಿಆರ್ ಬಿಳಿ ಎಷ್ಟಿರಬೇಕು ಎಂದು ಸರಿಸುವ ಪಟ್ಟಿ ಇರುವುದು ಇದಕ್ಕೇ. ಲಿನಕ್ಸ್‌ನಲ್ಲಿ ಈ ಕೆಲಸ ತಡವಾಯಿತು. 2024ರಲ್ಲಿ ಕೆಡಿಇ ಪ್ಲಾಸ್ಮಾ 6 ಎಂಬ ಡೆಸ್ಕ್‌ಟಾಪ್ ಎಚ್‌ಡಿಆರ್ ತಂದಿತು, 2025ರಲ್ಲಿ ಲಿನಕ್ಸ್‌ನ ಕಿಟಕಿಗಳನ್ನು ಪರದೆಗೆ ತರುವ ವೇಲ್ಯಾಂಡ್ ವ್ಯವಸ್ಥೆಗೆ ಬಣ್ಣ ನಿಭಾಯಿಸುವ ಪ್ರೋಟೊಕಾಲ್ ಸೇರಿತು.

ಆದರೂ ಫೋನಿನಲ್ಲಿ ಟಾರ್ಚ್ ಬಿಡುವ ವಿಡಿಯೊ ನಿಂತಿಲ್ಲ. ಕಾರಣ, ವಿಡಿಯೊ ಮಾಡುವವರಲ್ಲಿ ಕೆಲವರು ಮುಖವನ್ನೇ 600 ನಿಟ್‌ಗೆ ಎತ್ತಿರುತ್ತಾರೆ. ಅಂದರೆ ಬಿಳಿಯ ಮೂರು ಪಟ್ಟು. ಉಳಿದವರಿಗಿಂತ ಎದ್ದು ಕಾಣಲಿ ಎಂಬ ಆಸೆ. ಟಿವಿಯಲ್ಲಿ ಜಾಹೀರಾತು ಬಂದ ಕೂಡಲೇ ಸದ್ದು ಜಾಸ್ತಿಯಾಗುತ್ತಿತ್ತಲ್ಲ, ಇದು ಅದೇ ಕಥೆ. ಸದ್ದಿನ ವಿಷಯದಲ್ಲಿ ಯೂರೋಪಿನ ಪ್ರಸಾರಕರ ಒಕ್ಕೂಟ 2010ರಲ್ಲಿ ಆರ್ 128 ಎಂಬ ಶಿಫಾರಸು ತಂದು, ಕಿವಿಗೆ ಕೇಳುವ ಸರಾಸರಿ ಸದ್ದನ್ನು ಅಳೆದು ಎಲ್ಲರನ್ನೂ ಒಂದು ಮಟ್ಟಕ್ಕೆ ತಂದಿತು. ಬೆಳಕಿಗೂ ಅಂಥದ್ದು ಬೇಕು, ಅಲ್ವಾ? ಆಂಡ್ರಾಯ್ಡ್ 15ರಿಂದ ಆ್ಯಪ್‌ಗಳು ತಮ್ಮ ಹೆಡ್‌ರೂಮ್ ಅನ್ನು ತಾವೇ ಮಿತಿಗೊಳಿಸಬಹುದು. ಬಳಸುವುದು ಆ್ಯಪ್ ಮಾಡುವವರ ಕೈಯಲ್ಲಿದೆ. 2025ರ ಸೆಪ್ಟೆಂಬರ್‌ನಲ್ಲಿ ಪ್ರಕಟವಾದ ಡಾಲ್ಬಿ ವಿಷನ್ 2 ಕೂಡ ಪರದೆಗೂ ಕೋಣೆಗೂ ಹೊಂದಿಸುವುದನ್ನೇ ಮುಂದಿಟ್ಟಿದೆ.

ಅಲ್ಲಿಯವರೆಗೆ ನಮ್ಮ ಕೈಲಿ ಆಗುವುದೂ ಇದೆ. ಟಿವಿಯಲ್ಲಿ ವಿವಿಡ್ ಮೋಡ್ ಬಿಟ್ಟು ಸಿನಿಮಾ ಅಥವಾ ಫಿಲ್ಮ್‌ಮೇಕರ್ ಮೋಡ್ ಹಾಕಿ. ಆಮೇಲೂ ಕತ್ತಲಾದರೆ ಮೊದಲು ಕೋಣೆಯ ದೀಪ ತಗ್ಗಿಸಿ, ಸುಮ್ನೆ ಸೆಟ್ಟಿಂಗ್ಸ್ ತಿರುವಬೇಡಿ. ಅದೂ ಸಾಲದಿದ್ದರೆ, ದೃಶ್ಯ ಅಳೆದು ಗೆರೆ ಬದಲಿಸುವ ಡೈನಮಿಕ್ ಟೋನ್ ಮ್ಯಾಪಿಂಗ್ ಇದ್ದರೆ ಹಾಕಿ ನೋಡಿ. ಪ್ಲೇಯರ್ ಮತ್ತು ಟಿವಿ ಎರಡರಲ್ಲೂ ಅದು ಒಟ್ಟಿಗೆ ಇರುವುದು ಬೇಡ. ವಿಡಿಯೊ ಮಾಡುವವರಿಗೆ ನನ್ನ ಕೋರಿಕೆ ಒಂದೇ. ಮುಗಿಸಿದ ಕೆಲಸವನ್ನು ಕಳಿಸುವ ಮೊದಲು 300 ನಿಟ್‌ನ ಲ್ಯಾಪ್‌ಟಾಪ್‌ನಲ್ಲಿ, ಕೋಣೆಯ ದೀಪ ಹಚ್ಚಿ ಒಂದು ಸಲ ನೋಡಿ. ಆಮೇಲೆ ದೀಪ ಆರಿಸಿ, ಫೋನಿನಲ್ಲಿ ಇನ್ನೊಂದು ಸಲ. ಕಿಟಕಿಯ ಪಕ್ಕದ ಅಜ್ಜಿ ಎರಡೂ ಕಡೆ ಕಂಡರೆ ಕಳಿಸಿ.